ಆರೋಗ್ಯವಾಗಿರೋರು ಆಕ್ಸಿಜನ್ ಚೇಂಬರ್‌ಗೆ ಹೋಗೋದಾದ್ರೆ: ದುಡ್ಡು ಕಟ್ಟೋ ಮುಂಚೆಯಿಂದ ಆಚೆ ಬರೋ ತನಕ

ಈಗ ಎಲ್ರ ಫೋನಲ್ಲೂ ಆ ರೀಲ್ಸ್ ಬರ್ತಾ ಇದೆ, ಗಾಜಿನ ಕೊಳವೆ ಥರ ಇರೋ ಚೇಂಬರ್ ಒಳಗೆ ಯಾರೋ ಆರಾಮಾಗಿ ಮಲ್ಕೊಂಡಿರ್ತಾರೆ, ಕೆಳಗಡೆ ಇನ್‌ಫ್ಲಮೇಶನ್ (ಮೈ ಒಳಗಿನ ಉರಿಯೂತ) ಕಮ್ಮಿ ಆಗತ್ತೆ, ಸ್ಟ್ಯಾಮಿನಾ ಏರತ್ತೆ, ವಯಸ್ಸು ಹಿಂದಕ್ಕೆ ಹೋಗತ್ತೆ ಅಂತೆಲ್ಲ ಬರ್ದಿರ್ತಾರೆ. ಇದಕ್ಕೆ ಹೈಪರ್‌ಬ್ಯಾರಿಕ್ ಆಕ್ಸಿಜನ್ ಚಿಕಿತ್ಸೆ ಅಂತಾರೆ, ಅಂದ್ರೆ ಗಾಳಿ ಒತ್ತಡ ಏರ್ಸಿದ ಚೇಂಬರ್ ಒಳಗೆ ಶುದ್ಧ ಆಕ್ಸಿಜನ್ ಉಸಿರಾಡೋದು. ನಾನು ಇಂಥ ಚೇಂಬರ್ ನಡೆಸೋ ಕಡೆ ಕೆಲ್ಸ ಮಾಡೋನು, ಹಂಗಾಗಿ ರನ್ನಿಂಗ್ ಮಾಡೋರು, ಜಿಮ್ಮಿಗೆ ಹೋಗೋರು, ಐಟಿಲಿ ಕೂತು ಕೂತು ಬೆನ್ನು ಹಿಡ್ಕೊಂಡಿರೋರು ಎಲ್ಲ ಕೇಳೋದು ಒಂದೇ ಪ್ರಶ್ನೆ, ನಂಗೇನೂ ಕಾಯಿಲೆ ಇಲ್ಲ, ನಾನು ತಗೋಬಹುದಾ, ತಗೊಂಡ್ರೆ ಏನಾದ್ರೂ ಆಗತ್ತಾ ಅಂತ. ನನ್ನ ಅಭಿಪ್ರಾಯ ಮೊದ್ಲೇ ಹೇಳ್ಬಿಡ್ತೀನಿ. ಕಾಯಿಲೆ ಇಲ್ಲದೇ ಇರೋರಿಗೆ ಇದ್ರಿಂದ ಸಿಗೋ ಲಾಭಕ್ಕೆ ಪುರಾವೆ ಇನ್ನೂ ತೆಳು, ಖರ್ಚು ಮಾತ್ರ ದಪ್ಪ. ಇಷ್ಟು ಕೇಳಿದ್ಮೇಲೂ ಹೋಗ್ಲೇಬೇಕು ಅಂತಿದ್ರೆ ಸರಿಯಾದ ಕಡೆ, ಸರಿಯಾಗಿ, ಲೆಕ್ಕ ಇಟ್ಕೊಂಡು ಹೋಗಿ, ಅದು ಹೇಗೆ ಅನ್ನೋದು ಇಲ್ಲಿದೆ.

ಮೊದ್ಲು ಒಳಗಡೆ ಏನಾಗತ್ತೆ ಅಂತ ತಿಳ್ಕೊಳ್ಳಿ, ಇಲ್ದಿದ್ರೆ ಯಾರು ಏನು ಹೇಳಿದ್ರೂ ತಲೆ ಆಡಿಸ್ತೀರಾ. ಆರೋಗ್ಯವಂತರ ರಕ್ತದಲ್ಲಿ ಹಿಮೋಗ್ಲೋಬಿನ್ ಈಗಾಗ್ಲೇ 97-98 ಪರ್ಸೆಂಟ್ ಆಕ್ಸಿಜನ್ ತುಂಬ್ಕೊಂಡೇ ಇರತ್ತೆ, ಬೆರಳಿಗೆ ಹಾಕೋ ಆಕ್ಸಿಮೀಟರ್ ತೋರ್ಸೋದು ಅದನ್ನೇ, ಕೋವಿಡ್ ಟೈಮಲ್ಲಿ ಮನೆಮನೆಲೂ ಇತ್ತಲ್ಲ ಅದೇ. ಅಲ್ಲಿಗೆ ಇನ್ನೂ ಆಕ್ಸಿಜನ್ ತುರುಕೋಕೆ ಜಾಗ ಇಲ್ಲ. ಚೇಂಬರ್ ಮಾಡೋ ಕೆಲ್ಸ ಬೇರೆ, ಒತ್ತಡ ಏರ್ಸಿದ್ರೆ ಗ್ಯಾಸು ನೀರಲ್ಲಿ ಜಾಸ್ತಿ ಕರಗತ್ತೆ, ಗೋಲಿ ಸೋಡಾದಲ್ಲಿ ಗ್ಯಾಸ್ ಕರಗಿರತ್ತಲ್ಲ ಅದೇ ನಿಯಮ. ಮಾಮೂಲಿ ಗಾಳಿ ಉಸಿರಾಡ್ತಾ ಇರುವಾಗ 100 ಎಂಎಲ್ ರಕ್ತದಲ್ಲಿ ಬರೀ 0.3 ಎಂಎಲ್ ಆಕ್ಸಿಜನ್ ಹೀಗೆ ಕರಗಿರತ್ತೆ, 2 ಪಟ್ಟು ವಾಯುಭಾರದಲ್ಲಿ ಶುದ್ಧ ಆಕ್ಸಿಜನ್ ಎಳ್ಕೊಂಡ್ರೆ ಅದು 4ರ ಆಸುಪಾಸಿಗೆ ಹೋಗತ್ತೆ, 3 ಪಟ್ಟಿಗೆ ಸುಮಾರು 6. ಆ 6 ಎಷ್ಟು ಅಂದ್ರೆ ಸುಮ್ನೆ ಮಲಗಿರೋ ದೇಹಕ್ಕೆ ಹಿಮೋಗ್ಲೋಬಿನ್ನೇ ಇಲ್ದಿದ್ರೂ ನಡೆಯೋವಷ್ಟು. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸರ್ಜನ್ ಬೂರೆಮಾ ಹಂದಿಗಳ ರಕ್ತ ಹೆಚ್ಚುಕಮ್ಮಿ ಪೂರ್ತಿ ತೆಗೆದು ಬೇರೆ ದ್ರವ ತುಂಬಿಸಿ, ಚೇಂಬರ್ ಒಳಗೆ ಜೀವಂತ ಇಟ್ಟು ತೋರ್ಸಿದ್ರು.

ಈ ಒತ್ತಡನ ಎಟಿಎ ಅಂತ ಲೆಕ್ಕ ಹಾಕ್ತಾರೆ, ಸಮುದ್ರ ಮಟ್ಟದಲ್ಲಿ ನಮ್ಮ ಸುತ್ತ ಇರೋದು 1 ಎಟಿಎ, ಸಮುದ್ರದಲ್ಲಿ 10 ಮೀಟರ್ ಕೆಳಗೆ ಹೋದ್ರೆ 2. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 2ರಿಂದ 2.4 ಇಡ್ತಾರೆ. ನೇತ್ರಾಣಿ ಹತ್ರ ಸ್ಕೂಬಾ ಮಾಡಿರೋರಿಗೆ ಕಿವಿ ಹೆಂಗೆ ಕಟ್ಟತ್ತೆ ಅಂತ ಗೊತ್ತಿರತ್ತೆ, ಇಲ್ಲೂ ಅದೇ ಅನುಭವ. ಈ ಚಿಕಿತ್ಸೆ ಬೆಳೆದು ಬಂದಿದ್ದೇ ಬಹಳಮಟ್ಟಿಗೆ ನೌಕಾಪಡೆ ಡೈವರ್‌ಗಳ ಕಾಯಿಲೆಯಿಂದ. ಆಮೇಲೆ ಕಾರ್ಬನ್ ಮೋನಾಕ್ಸೈಡ್ ವಿಷ, ಗ್ಯಾಸ್ ಗ್ಯಾಂಗ್ರೀನ್, ವಾಸಿಯಾಗದ ಶುಗರ್ ಕಾಲಿನ ಗಾಯ, ರೇಡಿಯೇಶನ್ ಕೊಟ್ಟಿದ್ರಿಂದ ಆದ ತೊಂದ್ರೆ, ಇದ್ದಕ್ಕಿದ್ದಂಗೆ ಕಿವಿ ಕೇಳಿಸ್ದೇ ಹೋಗೋದು, ಇಂಥವಕ್ಕೆಲ್ಲ ಒಪ್ಪಿಗೆ ಸಿಕ್ಕಿದೆ. ಫಿಟ್‌ನೆಸ್ಸು, ವಯಸ್ಸು ಕಮ್ಮಿ ಮಾಡೋದು ಆ ಪಟ್ಟಿಲಿ ಇಲ್ಲ.

ಹಾಗಾದ್ರೆ ಆರೋಗ್ಯವಂತರ ಮೇಲೆ ಸ್ಟಡಿನೇ ಆಗಿಲ್ವಾ ಅಂದ್ರೆ ಆಗಿದೆ, ಜಾಹೀರಾತಲ್ಲಿ ತೋರ್ಸೋದೂ ಅವನ್ನೇ. ಇಸ್ರೇಲಿನ ಶಮೀರ್ ಮೆಡಿಕಲ್ ಸೆಂಟರ್‌ನಲ್ಲಿ ಶಾಯ್ ಎಫ್ರಾತಿ ಅನ್ನೋ ಡಾಕ್ಟರ್ ತಂಡ 2020ರಲ್ಲಿ ಪ್ರಕಟಿಸಿದ್ದು ತುಂಬಾ ಫೇಮಸ್. 64 ದಾಟಿದ 35 ಜನ, ವಾರಕ್ಕೆ 5 ದಿನದಂತೆ 60 ಸೆಷನ್, ಒಂದೊಂದು 90 ನಿಮಿಷ, 2 ಎಟಿಎ. ರಕ್ತದ ಬಿಳಿಕಣಗಳಲ್ಲಿ ಟೆಲೋಮಿಯರ್ (ಕ್ರೋಮೋಸೋಮ್ ತುದಿಲಿರೋ, ವಯಸ್ಸಾದಂಗೆ ಸವೆಯೋ ಭಾಗ) ಉದ್ದ 20 ಪರ್ಸೆಂಟ್‌ಗಿಂತ ಜಾಸ್ತಿ ಏರ್ತು, ಮುದಿ ಕಣಗಳು ಕಮ್ಮಿ ಆದ್ವು ಅಂತ ಬಂತು. ಪೇಪರ್‌ಗಳಲ್ಲಿ "ವಯಸ್ಸು ಹಿಂದಕ್ಕೆ" ಅಂತ ಹೆಡ್‌ಲೈನ್ ಬಂದಿದ್ದು ಇದಕ್ಕೇ. ಆದ್ರೆ ಅದ್ರಲ್ಲಿ ಚೇಂಬರ್‌ಗೆ ಹೋಗ್ದೇ ಇರೋರ ಗುಂಪು ಒಂದು ಇಟ್ಟು ಹೋಲಿಸಿ ನೋಡಿರ್ಲಿಲ್ಲ, ಜೊತೆಗೆ ಎಫ್ರಾತಿಗೆ ಈ ಚಿಕಿತ್ಸೆ ಮಾರೋ ಕಂಪನಿಲಿ ಷೇರು ಇದೆ, ಅದನ್ನ ಆ ಸ್ಟಡಿ ವರದಿಲೇ ಘೋಷಣೆ ಮಾಡಿದ್ದಾರೆ. ಸುಳ್ಳು ಅಂತ ಹೇಳ್ತಿಲ್ಲ, ಬೇರೆ ಜಾಗದಲ್ಲಿ ಬೇರೆಯವ್ರು ಮಾಡಿ ತೋರ್ಸೋ ತನಕ ನಾನಂತೂ ಅದನ್ನ ನಂಬಿ ದುಡ್ಡು ಕಟ್ಟಲ್ಲ.

ಓಟಗಾರರಿಗೆ ಬೇಕಾಗಿರೋದು ಅದೇ ತಂಡದ 2022ರ ಸ್ಟಡಿ. 40ರಿಂದ 50 ವಯಸ್ಸಿನ, ಮೊದ್ಲಿಂದ ಚೆನ್ನಾಗಿ ಪ್ರಾಕ್ಟೀಸ್ ಇರೋ 37 ಅಥ್ಲೀಟ್‌ಗಳು, 40 ಸೆಷನ್, ಅರ್ಧ ಜನಕ್ಕೆ ನಿಜವಾದ್ದು, ಅರ್ಧ ಜನಕ್ಕೆ ಒತ್ತಡ ಏರಿಸ್ದಂಗೆ ನಾಟಕ ಮಾಡಿ ಮಾಮೂಲಿ ಗಾಳಿ. ಇದು ಮೊದಲಿನದಕ್ಕಿಂತ ಎಷ್ಟೋ ಒಳ್ಳೇ ವಿನ್ಯಾಸ, ಮತ್ತೆ ವಿಓಟು ಮ್ಯಾಕ್ಸ್, ಅಂದ್ರೆ ಪೂರ್ತಿ ಜೋರಲ್ಲಿ ಓಡುವಾಗ ದೇಹ ಹೆಚ್ಚೆಂದ್ರೆ ಎಷ್ಟು ಆಕ್ಸಿಜನ್ ಬಳಸತ್ತೆ ಅನ್ನೋ ಲೆಕ್ಕ, ನಿಜವಾದ ಗುಂಪಲ್ಲೇ ಜಾಸ್ತಿ ಏರ್ತು. ನಂಗೆ ಇದ್ರ ಬಗ್ಗೆ ಸ್ವಲ್ಪ ಆಸಕ್ತಿ ಇದೆ. ಆದ್ರೆ ಗುಂಪು ಚಿಕ್ಕದು, ವಾರಕ್ಕೆ 5 ದಿನ ಅಂದ್ರೆ 8 ವಾರದ ಕೆಲ್ಸ, ಅದೇ 8 ವಾರ ಸರಿಯಾಗಿ ಇಂಟರ್ವಲ್ ಟ್ರೈನಿಂಗ್ ಮಾಡಿದ್ರೆ ನಮ್ಮಂಥ ಸಾಮಾನ್ಯರಿಗೆ ವಿಓಟು ಮ್ಯಾಕ್ಸ್ ಏರೋದು ಎಷ್ಟೋ ದಶಕದಿಂದ ಗೊತ್ತಿರೋ ವಿಷ್ಯ, ಅದಕ್ಕೆ ಒಂದು ಜೊತೆ ಶೂ ಸಾಕು.

ಇನ್ನು ವರ್ಕೌಟ್ ಆದ್ಮೇಲೆ ಮೈಕೈ ನೋವು ಬೇಗ ಹೋಗತ್ತೆ ಅನ್ನೋ ಮಾತು. ಚಿಕಿತ್ಸೆಗಳ ಪುರಾವೆ ಪರಿಶೀಲಿಸೋ ಕಾಕ್ರೇನ್ ಅನ್ನೋ ಸಂಸ್ಥೆಯೋರು 2005ರಲ್ಲೇ ಎಲ್ಲ ಟ್ರಯಲ್ ಒಟ್ಟು ಹಾಕಿ ನೋಡಿದ್ರು, ವರ್ಕೌಟ್ ಆದ ಒಂದೆರಡು ದಿನಕ್ಕೆ ಬರೋ ನೋವಿಗೆ ಉಪಯೋಗ ಕಾಣ್ಲಿಲ್ಲ, ಉಲ್ಟಾ ಚೇಂಬರ್‌ಗೆ ಹೋದೋರಿಗೆ ನೋವು ಸ್ವಲ್ಪ ಜಾಸ್ತಿನೇ ಇರಬಹುದು ಅಂತ ಬಂತು. ಲೆಗ್ ಡೇ ಮಾರನೇ ದಿನ ಮೆಟ್ಲು ಇಳಿಯೋಕಾಗ್ತಿಲ್ಲ ಅಂತ ಚೇಂಬರ್ ಬುಕ್ ಮಾಡೋದು ಬೇಡ.

ಈಗ ಇನ್‌ಫ್ಲಮೇಶನ್ ವಿಷ್ಯಕ್ಕೆ ಬರೋಣ, ಯಾಕಂದ್ರೆ ಜನ ಜಾಸ್ತಿ ಮೋಸ ಹೋಗೋದು ಇಲ್ಲೇ. ಮೊದ್ಲು ನಿಮಗೆ ಇನ್‌ಫ್ಲಮೇಶನ್ ಇದೆಯಾ ಅಂತ ನೋಡ್ಕೊಳ್ಳಿ. ಲ್ಯಾಬಲ್ಲಿ ಎಚ್‌ಎಸ್-ಸಿಆರ್‌ಪಿ ಅಂತ ಕೇಳಿ, ಇನ್‌ಫ್ಲಮೇಶನ್ ಎಷ್ಟಿದೆ ಅಂತ ತೋರ್ಸೋ ರಕ್ತದ ಟೆಸ್ಟು ಅದು, ಮಾಮೂಲಿ ಸಿಆರ್‌ಪಿ ಅಲ್ಲ, "ಎಚ್‌ಎಸ್" ಅಂತ ಬಿಡಿಸಿ ಹೇಳಿ, ಯಾಕಂದ್ರೆ ಮಾಮೂಲಿ ಟೆಸ್ಟಿಗೆ ಚಿಕ್ಕ ಸಂಖ್ಯೆ ಸರಿಯಾಗಿ ಸಿಗಲ್ಲ. ಲೀಟರಿಗೆ 1 ಮಿಲಿಗ್ರಾಂಗಿಂತ ಕಮ್ಮಿ ಇದ್ರೆ ಒಳ್ಳೇದು, 1ರಿಂದ 3 ಮಧ್ಯಮ, 3ರ ಮೇಲೆ ಜಾಸ್ತಿ, 10 ದಾಟಿದ್ರೆ ಮೈಯಲ್ಲಿ ಎಲ್ಲೋ ಸೋಂಕೋ ಪೆಟ್ಟೋ ಇರಬಹುದು ಅಂತ, ಅದು ಹೋದ್ಮೇಲೆ ಮತ್ತೆ ಮಾಡಿಸ್ಬೇಕು. ಎರಡು ವಾರ ಬಿಟ್ಟು ಎರಡು ಸಲ ಮಾಡಿಸಿ ಸರಾಸರಿ ತಗೊಳ್ಳಿ. ಲಾಂಗ್ ರನ್ ಮಾಡಿದ ಮಾರನೇ ದಿನ, ನೆಗಡಿ ಜ್ವರ ಬಂದ ವಾರ, ವಸಡು ಊದಿರುವಾಗ, ವ್ಯಾಕ್ಸೀನ್ ಹಾಕಿಸ್ಕೊಂಡ ಮೇಲೆ ಕೊಡ್ಬೇಡಿ, ಎಲ್ಲದ್ರಲ್ಲೂ ಅದು ತಾನಾಗೇ ಏರತ್ತೆ, ಆಮೇಲೆ ತಾನಾಗೇ ಇಳಿಯತ್ತೆ. ಆ ಏರಿರೋ ದಿನ ಒಂದು ಟೆಸ್ಟು, ಪ್ಯಾಕೇಜ್ ಮುಗಿದ್ಮೇಲೆ ಇನ್ನೊಂದು ಟೆಸ್ಟು ಮಾಡ್ಸಿ "ನೋಡಿ ಸರ್ ಎಷ್ಟು ಇಳ್ದಿದೆ" ಅಂತ ತೋರ್ಸೋದು ಬಲು ಸುಲಭ. ನಿಮ್ದು ಮೊದ್ಲೇ 0.6 ಇದ್ರೆ ಇಳಿಯೋಕೆ ಏನಿದೆ ಹೇಳಿ? 3ರ ಮೇಲೆ ನಿಂತಿದ್ರೆ ಹೊಟ್ಟೆ ಸುತ್ತಿನ ಕೊಬ್ಬು, ಸಿಗರೇಟು, ನಿದ್ದೆ, ಗೊರಕೆ, ವಸಡು, ಶುಗರ್ ಇವನ್ನ ಮೊದ್ಲು ನೋಡ್ಬೇಕು, ಡಾಕ್ಟರ್ ಹತ್ರ ಹೋಗ್ಬೇಕು, ಚೇಂಬರ್ ಹತ್ರ ಅಲ್ಲ.

ಜಾಗ ಆರಿಸೋದು

ಇಲ್ಲಿ ಎರಡು ಜಾತಿ ಇದೆ. ಒಂದು ಗಟ್ಟಿ ಚೇಂಬರ್, ಸ್ಟೀಲ್ ಅಥ್ವಾ ದಪ್ಪ ಅಕ್ರಿಲಿಕ್, 2 ಎಟಿಎ ಮೇಲೆ ಹೋಗತ್ತೆ. ಇನ್ನೊಂದು ಜಿಪ್ ಹಾಕೋ ಮೆತ್ತನೆ ಬ್ಯಾಗು, ಸಲೂನು, ಸ್ಪಾ, ವೆಲ್‌ನೆಸ್ ಸೆಂಟರ್‌ಗಳಲ್ಲಿ ಇರೋದು ಬಹುಪಾಲು ಇದೇ, 1.3 ಎಟಿಎ ಅಂತ ಹೇಳ್ತಾರೆ. ಹೈಪರ್‌ಬ್ಯಾರಿಕ್ ವೈದ್ಯರ ಸಂಸ್ಥೆ ಯುಎಚ್‌ಎಂಎಸ್ ಪ್ರಕಾರ ಕನಿಷ್ಠ 1.4 ಎಟಿಎ ಇದ್ದು ಹೆಚ್ಚುಕಮ್ಮಿ ಶುದ್ಧ ಆಕ್ಸಿಜನ್ ಕೊಟ್ರೆ ಮಾತ್ರ ಅದು ಈ ಚಿಕಿತ್ಸೆ. ಬ್ಯಾಗಿನ ಲೆಕ್ಕ ನೀವೇ ಹಾಕಿ ನೋಡಿ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ಒತ್ತಡವೇ ಸುಮಾರು 0.9. ಬ್ಯಾಗು ಅದ್ರ ಮೇಲೆ 0.3 ಸೇರಿಸತ್ತೆ, ಆಯ್ತು 1.2. ಒಳಗೆ ಮಾಮೂಲಿ ಗಾಳಿ ತುಂಬ್ತಿದ್ರೆ ಮಂಗಳೂರಲ್ಲಿ ನಿಂತು 25 ಪರ್ಸೆಂಟ್ ಆಕ್ಸಿಜನ್ ಎಳ್ಕೊಂಡಂಗೆ, ಅಷ್ಟೇ, ಅದ್ರಲ್ಲೂ ಬೆಂಗಳೂರಿಂದ ಘಾಟಿ ಇಳ್ದು ಮಂಗಳೂರಿಗೆ ಹೋದ್ರೇ ಸ್ವಲ್ಪ ಭಾಗ ಫ್ರೀಯಾಗಿ ಸಿಗತ್ತೆ, ಜೊತೆಗೆ ನೀರುದೋಸೆನೂ ಸಿಗತ್ತೆ. ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರೆ ಮಾಡೋ ಮಷಿನ್) ಮಾಸ್ಕ್ ಸೇರಿಸಿದ್ರೆ ಏರತ್ತೆ ನಿಜ, ಆದ್ರೂ ವಾರ್ಡಲ್ಲಿ ಟೈಟಾಗಿ ಹಾಕೋ ಆಕ್ಸಿಜನ್ ಮಾಸ್ಕಿಗಿಂತ ಬಹಳ ಮೇಲೆ ಹೋಗಲ್ಲ. ಮೇಲೆ ಹೇಳಿದ ಸ್ಟಡಿ ಯಾವ್ದೂ ಬ್ಯಾಗಲ್ಲಿ ಆಗಿದ್ದಲ್ಲ, 2 ಎಟಿಎ ರಿಸಲ್ಟ್ ತೋರ್ಸಿ 1.3 ಮಾರೋರ ಹತ್ರ ಚೌಕಾಸಿನೂ ಮಾಡ್ಬೇಡಿ, ಎದ್ದು ಬನ್ನಿ.

ಗಟ್ಟಿ ಚೇಂಬರ್ ಇರೋ ಕಡೆ ಹೋದಾಗ ಸಂಕೋಚ ಬಿಟ್ಟು ಕೇಳಿ. ಡಾಕ್ಟರ್ ಯಾರು, ಸೆಷನ್ ನಡೀವಾಗ ಬಿಲ್ಡಿಂಗಲ್ಲೇ ಇರ್ತಾರಾ ಇಲ್ಲ ಫೋನಲ್ಲಾ? ಆಪರೇಟರ್ ಚೇಂಬರ್ ಬಿಟ್ಟು ಎದ್ದು ಹೋಗ್ತಾರಾ? ಎಷ್ಟು ಎಟಿಎ, ನಡುವೆ ಏರ್ ಬ್ರೇಕ್ ಇದೆಯಾ? ಏರ್ ಬ್ರೇಕ್ ಅಂದ್ರೆ 20-30 ನಿಮಿಷಕ್ಕೊಂದು ಸಲ 5 ನಿಮಿಷ ಮಾಮೂಲಿ ಗಾಳಿ ಕೊಡೋದು, ಆಕ್ಸಿಜನ್ ಅತಿಯಾಗಿ ಫಿಟ್ಸ್ ಬರೋ ಅಪಾಯ ಇದ್ರಿಂದ ಕಮ್ಮಿ ಆಗತ್ತೆ. ಬೆಂಕಿ ಬಿದ್ರೆ ಏನ್ ಮಾಡ್ತೀರಾ ಅಂತಾನೂ ಕೇಳಿ. ಈ ಪ್ರಶ್ನೆಗೆ ನಗೋ ಜಾಗದಲ್ಲಿ ಮಲಗ್ಬೇಡಿ. 2025ರ ಜನವರಿಲಿ ಅಮೆರಿಕದ ಮಿಷಿಗನ್‌ನ ಟ್ರಾಯ್ ಅನ್ನೋ ಊರಲ್ಲಿ ಚೇಂಬರ್ ಒಳಗೆ ಬೆಂಕಿ ಹತ್ತಿ 5 ವರ್ಷದ ಮಗು ಸತ್ತೋಯ್ತು. 1997ರಲ್ಲಿ ಇಟಲಿಯ ಮಿಲಾನ್‌ನಲ್ಲಿ 11 ಜನ ಸತ್ರು, ಪೇಷೆಂಟ್ ಒಬ್ರು ಒಳಗೆ ತಗೊಂಡು ಹೋಗಿದ್ದ ಕೈ ಬೆಚ್ಚಗೆ ಮಾಡ್ಕೊಳ್ಳೋ ಸಾಧನದಿಂದ ಬೆಂಕಿ ಶುರುವಾಯ್ತು ಅಂತಾರೆ. ಶುದ್ಧ ಆಕ್ಸಿಜನ್ ತುಂಬಿರೋ ಡಬ್ಬಿಲಿ ಒಂದು ಕಿಡಿ ಸಾಕು, ಒಳಗಿರೋರು ಬಾಗ್ಲು ತೆಗೆಯೋಕೂ ಆಗಲ್ಲ, ಯಾಕಂದ್ರೆ ಒತ್ತಡ ಇಳಿಯೋ ತನಕ ಬಾಗ್ಲು ತೆರ್ಕೊಳ್ಳಲ್ಲ.

ರೇಟು ಊರೂರಿಗೂ ಬೇರೆ. ಒಂದು ಸೆಷನ್ 4000 ಅಂತಿಟ್ಕೊಂಡ್ರೂ 40ಕ್ಕೆ 1 ಲಕ್ಷ 60 ಸಾವಿರ, 60ಕ್ಕೆ 2 ಲಕ್ಷ 40 ಸಾವಿರ. ಮೊದಲನೇ ದಿನಾನೇ ಪೂರ್ತಿ ಪ್ಯಾಕೇಜ್ ಕಟ್ಟಿ ಅಂದ್ರೆ ಕಟ್ಬೇಡಿ, ಒಂದು ಸೆಷನ್ ತಗೊಂಡು ಕಿವಿ ತಡ್ಕೊಳ್ಳತ್ತಾ ನೋಡಿ. ಟೈಮೂ ಲೆಕ್ಕ ಹಾಕಿ, 90 ನಿಮಿಷದ ಸೆಷನ್ನಿಗೆ ಒತ್ತಡ ಏರ್ಸಿ ಇಳಿಸೋದು ಬೇರೆ, ಬಟ್ಟೆ ಬದಲಾಯ್ಸೋದು ಬೇರೆ, ಮನೆಯಿಂದ ಸಿಲ್ಕ್ ಬೋರ್ಡ್ ದಾಟಿ ಹೋಗ್ಬೇಕಾದ್ರೆ ಅರ್ಧ ದಿನ ಹೋಯ್ತು, ವಾರಕ್ಕೆ ಐದು ದಿನ. ಆ ಹೊತ್ತನ್ನ ನಿದ್ದೆಯಿಂದ ಕದಿಯೋದಾದ್ರೆ ಈ ಇಡೀ ಕಾರ್ಯಕ್ರಮಕ್ಕೆ ಅರ್ಥನೇ ಇಲ್ಲ.

ಯಾರು ಹೋಗ್ಲೇಬಾರ್ದು

ಶ್ವಾಸಕೋಶ ಒಡೆದು ಗಾಳಿ ಹೊರಗೆ ತುಂಬ್ಕೊಂಡಿರೋದು, ಅಂದ್ರೆ ನ್ಯೂಮೋಥೊರಾಕ್ಸ್, ಇದಕ್ಕೆ ಚಿಕಿತ್ಸೆ ಆಗ್ದೇ ಇರೋರು ಹೋಗೋಹಾಗೇ ಇಲ್ಲ. ಮುಂಚೆ ಯಾವಾಗ್ಲಾದ್ರೂ ಆಗಿತ್ತು, ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದೆ, ಎದೆ ಸರ್ಜರಿ ಆಗಿದೆ, ಫಿಟ್ಸ್ ಬರತ್ತೆ, ಕಿವಿ ಆಪರೇಶನ್ ಆಗಿದೆ, ಪೇಸ್‌ಮೇಕರ್ ಇದೆ, ಗರ್ಭಿಣಿ, ಕ್ಯಾನ್ಸರ್ ಔಷಧ ತಗೊಂಡಿದ್ದೀರಾ, ಅದ್ರಲ್ಲೂ ಬ್ಲಿಯೋಮೈಸಿನ್, ಇವೆಲ್ಲ ಡಾಕ್ಟರ್‌ಗೆ ಬಾಯಿಬಿಟ್ಟು ಹೇಳ್ಬೇಕು. ಎದೆ ಎಕ್ಸ್‌ರೇ ಒಂದು ಮಾಡ್ಸಿ ಅಂದ್ರೆ ದುಡ್ಡು ಕೀಳೋಕೆ ಅಂತ ಅಂದ್ಕೋಬೇಡಿ, ಕೇಳ್ದೇ ಇರೋರ ಮೇಲೆ ಅನುಮಾನ ಪಡಿ. ಇನ್ನೊಂದು, "ನಂಗೇನೂ ಇಲ್ಲ" ಅಂತ ಬರೋರಲ್ಲಿ ಶುಗರ್ ಇದೆ ಅಂತಾನೇ ಗೊತ್ತಿಲ್ಲದೋರು ಎಷ್ಟೋ ಜನ ಇರ್ತಾರೆ. ಶುಗರ್ ಇದ್ದು ಇನ್ಸುಲಿನ್ನೋ ಮಾತ್ರೆನೋ ತಗೊಳ್ಳೋರಿಗೆ ಒಳಗಡೆ ಶುಗರ್ ಇಳಿದುಹೋಗಬಹುದು, ಅದಕ್ಕೇ ಅಂಥೋರಿಗೆ ಒಳಗೆ ಹೋಗೋ ಮುಂಚೆ ಬೆರಳು ಚುಚ್ಚಿ ನೋಡ್ತಾರೆ.

ಹೋಗೋ ದಿನ

ಖಾಲಿ ಹೊಟ್ಟೇಲಿ ಹೋಗ್ಬೇಡಿ, ಇಡ್ಲಿ ಉಪ್ಪಿಟ್ಟು ಏನಾದ್ರೂ ಹಗುರಾಗಿ ತಿನ್ನಿ, ಬೀನ್ಸು ಸೋಡಾ ಗ್ಯಾಸ್ ಆಗೋದೆಲ್ಲ ಬೇಡ, ಕೊನೇಲಿ ಒತ್ತಡ ಇಳಿಸುವಾಗ ಹೊಟ್ಟೆಲಿರೋ ಗ್ಯಾಸೂ ಹಿಗ್ಗತ್ತೆ. ಸಿಗರೇಟು ಸೇದೋರು ಅವತ್ತಾದ್ರೂ ಬಿಡಿ. ನೆಗಡಿ ಇದ್ರೆ, ಮೂಗು ಕಟ್ಟಿದ್ರೆ, ಜ್ವರ ಇದ್ರೆ ಕ್ಯಾನ್ಸಲ್ ಮಾಡಿ, ದುಡ್ಡು ಹೋದ್ರೂ ಪರವಾಗಿಲ್ಲ ಕಿವಿ ತಮಟೆ ಉಳಿಯತ್ತೆ.

ನಮ್ ಕಡೆಯೋರಿಗೆ ಒಂದು ವಿಶೇಷ ಸೂಚನೆ, ತಲೆಗೆ ಎಣ್ಣೆ ಹಚ್ಕೊಂಡು ಬರ್ಬೇಡಿ. ಹೆಂಗಸ್ರು ಗಂಡಸ್ರು ಎಲ್ರೂ ಕೊಬ್ರಿ ಎಣ್ಣೆ ಬಾಚ್ಕೊಂಡು, ಮೇಲೆ ಪೌಡ್ರು, ಸೆಂಟು, ಮೂಗಿಗೆ ವಿಕ್ಸು, ತುಟಿಗೆ ವ್ಯಾಸ್ಲೀನು ಹಚ್ಕೊಂಡು ನೀಟಾಗಿ ರೆಡಿಯಾಗಿ ಬರ್ತಾರೆ, ಅಲ್ಲೇ ತಲೆ ತೊಳ್ಕೊಳ್ಳಿ ಅಂದ್ರೆ ಮುಖ ಸಣ್ಣಗಾಗತ್ತೆ. ಎಣ್ಣೆ ಜಿಡ್ಡು, ಸ್ಪಿರಿಟ್ ಇರೋ ಸೆಂಟು, ಹೇರ್ ಸ್ಪ್ರೇ ಎಲ್ಲ ಆಕ್ಸಿಜನ್‌ನಲ್ಲಿ ಸುಲಭವಾಗಿ ಹೊತ್ಕೊಳ್ಳೋವು. ಹಿಂದಿನ ರಾತ್ರಿನೇ ತಲೆಸ್ನಾನ ಮಾಡಿ, ಬೆಳಿಗ್ಗೆ ಏನೂ ಹಚ್ಬೇಡಿ. ಪಾಲಿಸ್ಟರ್, ನೈಲಾನ್, ಡ್ರೈಫಿಟ್ ಟೀಶರ್ಟು, ರೇಷ್ಮೆ, ಉಣ್ಣೆ ಯಾವ್ದೂ ಬೇಡ, ಅವರು ಕೊಡೋ ಹತ್ತಿ ಗೌನೇ ಹಾಕೊಳ್ಳಿ. ಮೊಬೈಲು, ಸ್ಮಾರ್ಟ್ ವಾಚು, ಇಯರ್ ಬಡ್ಸು, ಹಿಯರಿಂಗ್ ಏಡು, ಲೈಟರ್ರು ಎಲ್ಲ ಆಚೆ. "ಒಂದು ಸೆಲ್ಫಿ ತೆಗೆದ್ಕೊಂಡು ಕೊಟ್ಬಿಡ್ತೀನಿ" ಅನ್ನೋದಿಲ್ಲ. ಅಕ್ರಿಲಿಕ್ ಒಬ್ಬರ ಚೇಂಬರ್ ಆದ್ರೆ ಕೈಗೆ ಒಂದು ಅರ್ಥಿಂಗ್ ಪಟ್ಟಿ ಕಟ್ಟಬೇಕು, ಸ್ಟ್ಯಾಟಿಕ್ ಕರೆಂಟ್ ಹೋಗ್ಲಿ ಅಂತ, ಅದು ಕಟ್ಟದೇ ಬಾಗ್ಲು ಹಾಕೋಕೆ ಬಂದ್ರೆ ತಡೀರಿ.

ಒಳಗೆ

ಬಾಗ್ಲು ಹಾಕಿದ್ಮೇಲೆ ಭುಸ್ ಅಂತ ಗಾಳಿ ಸದ್ದು ಶುರುವಾಗತ್ತೆ, ಮೈ ಸ್ವಲ್ಪ ಬೆಚ್ಚಗಾಗತ್ತೆ, ಒತ್ತಡ ಏರುವಾಗ ಗಾಳಿ ಬಿಸಿಯಾಗೋದು ಸಹಜ. ಆ ಮೊದಲ ಹತ್ತು ಹದಿನೈದು ನಿಮಿಷನೇ ಇಡೀ ಸೆಷನ್ನಿನ ಕಷ್ಟದ ಭಾಗ, ಎಲ್ಲ ಕಿವಿದೇ ಕಥೆ. ಎಂಜಲು ನುಂಗಿ, ಆಕಳಿಸಿ, ದವಡೆ ಆಡಿಸಿ. ಅದಕ್ಕೆ ಬಿಡದೇ ಇದ್ರೆ ಮೂಗು ಹಿಡ್ಕೊಂಡು ಬಾಯಿ ಮುಚ್ಚಿ ಮೆಲ್ಲಗೆ ಊದಿ, ಟಪ್ ಅಂತ ಬಿಡತ್ತೆ. ಕಟ್ಟಿದ್ಮೇಲೆ ಅಲ್ಲ, ಕಟ್ಟೋಕೆ ಮುಂಚೆನೇ, ಕೆಲವು ಸೆಕೆಂಡಿಗೊಂದು ಸಲ ಮಾಡ್ತಾ ಇರಿ. ನೋವು ಬಂದ ತಕ್ಷಣ ಕೈ ಎತ್ತಿ ಇಲ್ಲ ಇಂಟರ್‌ಕಾಮಲ್ಲಿ ಹೇಳಿ, ನಿಲ್ಸಿ ಒತ್ತಡ ಸ್ವಲ್ಪ ಇಳಿಸ್ತಾರೆ. ಮೀಸೆ ಮೇಲೆ ಕೈ ಇಟ್ಕೊಂಡು ತಡ್ಕೊಳ್ಳೋರೇ ಜಾಸ್ತಿ ತೊಂದ್ರೆ ಮಾಡ್ಕೊಳ್ಳೋದು, ಜೋರಾಗಿ ಊದಿ ಊದಿ ಕಿವಿ ಒಳಗೆ ರಕ್ತ ಕಟ್ಟಿಸ್ಕೊಳ್ತಾರೆ. ಈ ಚಿಕಿತ್ಸೇಲಿ ಎಲ್ಲಕ್ಕಿಂತ ಸಾಮಾನ್ಯ ಪೆಟ್ಟು ಅಂದ್ರೆ ಇದೇ.

ಒತ್ತಡಕ್ಕೆ ಮುಟ್ಟಿದ್ಮೇಲೆ ಬೋರು. ನಿದ್ದೆ ಬಂದ್ರೆ ಮಾಡಿ. ತುಟಿ ಅಥ್ವಾ ಮುಖ ಅದುರೋದು, ಕಣ್ಣು ಮಂಜಾಗಿ ಸುರಂಗದಲ್ಲಿ ನೋಡ್ದಂಗಾಗೋದು, ಕಿವಿಲಿ ಗುಂಯ್ ಸದ್ದು, ವಾಕರಿಕೆ, ಕಾರಣ ಇಲ್ದೇ ಚಡಪಡಿಕೆ, ಇದ್ರಲ್ಲಿ ಒಂದು ಕಂಡ್ರೂ ತಕ್ಷಣ ಹೇಳಿ, ಆಕ್ಸಿಜನ್ ಅತಿಯಾಗ್ತಿದೆ ಅನ್ನೋದಕ್ಕೆ ಅವು ಗುರುತು. ಫಿಟ್ಸ್ ತನಕ ಹೋಗೋದು ತೀರಾ ಅಪರೂಪ, ಅದಕ್ಕೇ ಯಾರೂ ಹೇಳಲ್ಲ, ಆದ್ರೆ ಗೊತ್ತಿರ್ಲಿ.

ಕೊನೇಲಿ ಒತ್ತಡ ಇಳಿಸುವಾಗ ಒಳಗೆ ತಣ್ಣಗಾಗಿ ಒಮ್ಮೊಮ್ಮೆ ಮಂಜು ಕವಿದಂಗಾಗತ್ತೆ, ಹೊಗೆ ಅಂತ ಹೆದರ್ಬೇಡಿ. ಈಗ ಮೂಗು ಹಿಡ್ದು ಊದ್ಬೇಡಿ, ಉಸಿರಂತೂ ಬಿಗಿ ಹಿಡೀಲೇಬೇಡಿ, ಶ್ವಾಸಕೋಶದಲ್ಲಿರೋ ಗಾಳಿ ಹಿಗ್ತಾ ಇರತ್ತೆ, ಆಚೆ ಹೋಗೋಕೆ ದಾರಿ ಬೇಕು. ಮಾಮೂಲಿಯಾಗಿ ಉಸಿರಾಡ್ತಾ ಇರಿ ಸಾಕು.

ಲೆಕ್ಕ ಇಡೋದು

ಶುರು ಮಾಡೋ ಮುಂಚೆ ನಿಮಗೆ ಏನು ಬದಲಾಗ್ಬೇಕು ಅಂತ ಬರ್ದಿಡಿ, ಆಮೇಲೆ ಏನೋ ಫ್ರೆಶ್ ಅನ್ಸತ್ತೆ ಅಂತ ಹೇಳೋ ಹಾಗಿಲ್ಲ, ದಿನಾ ಒಂದೂವರೆ ಗಂಟೆ ಫೋನಿಲ್ದೇ ಸುಮ್ನೆ ಮಲಗಿದ್ರೆ ಯಾರಿಗೆ ಫ್ರೆಶ್ ಅನ್ಸಲ್ಲ ಹೇಳಿ. ಬೆಳಿಗ್ಗೆ ಏಳೋ ಮುಂಚೆ ನಾಡಿ ಎಷ್ಟು, ಕಬ್ಬನ್ ಪಾರ್ಕೋ ನಿಮ್ಮ ಏರಿಯಾದ ಗ್ರೌಂಡೋ ಅದೇ ದಾರಿಲಿ ಅದೇ ಹೊತ್ತಲ್ಲಿ 5 ಕಿಲೋಮೀಟರ್‌ಗೆ ಎಷ್ಟು ಟೈಮು, ಆಗೋದಾದ್ರೆ ಲ್ಯಾಬಲ್ಲಿ ಮಾಸ್ಕ್ ಹಾಕಿ ಮಾಡೋ ವಿಓಟು ಮ್ಯಾಕ್ಸ್, ಜೊತೆಗೆ ಆ ಎರಡು ಸಲದ ಎಚ್‌ಎಸ್-ಸಿಆರ್‌ಪಿ. ವಾಚ್ ತೋರ್ಸೋ ವಿಓಟು ಮ್ಯಾಕ್ಸ್ ಅಂದಾಜು ಮಾತ್ರ. ಟ್ರೈನಿಂಗು, ಊಟ, ಸಪ್ಲಿಮೆಂಟು ಯಾವ್ದನ್ನೂ ನಡುವೆ ಬದಲಾಯ್ಸಬೇಡಿ, ಟೆನ್-ಕೆಗೆ ರೆಡಿಯಾಗೋ ತಿಂಗಳಲ್ಲಿ ಶುರು ಮಾಡಿದ್ರಂತೂ ಚೇಂಬರ್ದು ಎಷ್ಟು, ಓಟದ್ದು ಎಷ್ಟು ಅಂತ ದೇವರಿಗೂ ಗೊತ್ತಾಗಲ್ಲ. 20 ಸೆಷನ್ ಆದ್ಮೇಲೆ ಒಂದ್ಸಲ ನೋಡಿ, ಸಂಖ್ಯೆ ಅಲ್ಲಾಡಿಲ್ಲ ಅಂದ್ರೆ ಉಳಿದ ದುಡ್ಡು ಉಳಿಸ್ಕೊಳ್ಳಿ. ಸ್ಪರ್ಧೆಗಳಲ್ಲಿ ಓಡೋರು ಡೋಪಿಂಗ್ ಆಗತ್ತಾ ಅಂತ ಕೇಳ್ತಾರೆ, ಉಸಿರಲ್ಲಿ ಹೆಚ್ಚಿನ ಆಕ್ಸಿಜನ್ ತಗೊಳ್ಳೋದನ್ನ ಡೋಪಿಂಗ್ ತಡೆಯೋ ವಿಶ್ವ ಸಂಸ್ಥೆ ವಾಡಾ ತನ್ನ ನಿಷೇಧದಿಂದ ಆಚೆ ಇಟ್ಟಿದೆ.

ಒಂದು ಕೊನೇದು. ಇಪ್ಪತ್ತು ಸೆಷನ್ ದಾಟಿದ್ಮೇಲೆ ಕೆಲವ್ರಿಗೆ ದೂರದ್ದು ಮಸುಕಾಗೋಕೆ ಶುರುವಾಗತ್ತೆ, ಬಸ್ಸಿನ ಬೋರ್ಡು ಹತ್ರ ಬರೋ ತನಕ ಓದೋಕಾಗಲ್ಲ, ನಲವತ್ತೈದು ದಾಟಿರೋರು ಓದೋ ಕನ್ನಡಕ ಇಲ್ದೇನೇ ಪೇಪರ್ ಓದ್ಬಿಟ್ಟು ಕಣ್ಣು ಸರಿಹೋಯ್ತು ಅಂತ ಖುಷಿ ಪಡ್ತಾರೆ. ಸರಿಹೋಗಿರೋದಲ್ಲ, ಆಕ್ಸಿಜನ್‌ನಿಂದ ಕಣ್ಣಿನ ಮಸೂರ ತಾತ್ಕಾಲಿಕವಾಗಿ ಬದಲಾಗಿರೋದು. ಸೆಷನ್ ನಿಲ್ಸಿದ್ಮೇಲೆ ವಾರಗಳಲ್ಲೋ ಕೆಲವು ತಿಂಗಳಲ್ಲೋ ಸಾಮಾನ್ಯವಾಗಿ ಮೊದಲಿನ ಹಂಗೇ ಆಗತ್ತೆ, ಆ ನಡುವೆ ಹೊಸ ಪವರ್ ಟೆಸ್ಟ್ ಮಾಡ್ಸಿ ಕನ್ನಡಕ ಮಾಡಿಸ್ಬೇಡಿ, ರಾತ್ರಿ ಗಾಡಿ ಓಡ್ಸೋರು ಹುಷಾರು. ಮೊದ್ಲೇ ಕಣ್ಣಿನ ಪೊರೆ ಶುರುವಾಗಿದ್ರೆ ಅದು ಬೇಗ ಬಲಿಯೋ ಸಾಧ್ಯತೆ ಇದೆ, ಅಂಥೋರು ಮೊದಲನೇ ಸೆಷನ್ನಿಗೂ ಮುಂಚೆ ಕಣ್ಣಿನ ಡಾಕ್ಟರ್‌ನ ಕೇಳಿ.